ಪ್ರಶಸ್ತಿ ಹುಟ್ಟುವ ಮೊದಲೇ ನಡೆದುಹೋದ ಗುರು

2021ರ ಆಗಸ್ಟ್ 22, ಭಾನುವಾರ. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ 82 ವರ್ಷದ ಹಿರಿಯರೊಬ್ಬರು ಕೊನೆಯುಸಿರೆಳೆದರು. ಅವರ ಹೆಸರು ಸೈಯದ್ ಶಾಹಿದ್ ಹಕೀಮ್. 1960ರ ರೋಮ್ ಒಲಿಂಪಿಕ್ಸ್‌ಗೆ ತೆರಳಿದ್ದ ಭಾರತ ಫುಟ್‌ಬಾಲ್ ತಂಡದ ಸದಸ್ಯರು, ವಾಯುಪಡೆಯ ನಿವೃತ್ತ ಅಧಿಕಾರಿ, ಅಂತರರಾಷ್ಟ್ರೀಯ ಪಂದ್ಯಗಳ ರೆಫರಿ, 2017ರ ಧ್ಯಾನ್‌ಚಂದ್ ಪ್ರಶಸ್ತಿ ಪುರಸ್ಕೃತರು. ಮರುದಿನದ ಪತ್ರಿಕೆಗಳಲ್ಲಿ ಸುದ್ದಿ ಬಂದಿತು. ಆದರೆ ನಮ್ಮ ಊರಿನ ಬಹುಮಂದಿಗೆ, ತಮ್ಮ ನಡುವೆಯೇ ಕಣ್ಮುಚ್ಚಿದ ಈ ವ್ಯಕ್ತಿ ಯಾರ ಮಗನೆಂಬುದು ತಿಳಿಯಲೇ ಇಲ್ಲ. ಅವರ ತಂದೆಯ ಹೆಸರು ಸೈಯದ್ ಅಬ್ದುಲ್ ರಹೀಮ್. ಏಷ್ಯಾ ಖಂಡದಲ್ಲಿ ಭಾರತದ ಫುಟ್‌ಬಾಲ್ ತಲೆಯೆತ್ತಿ ನಿಂತಿದ್ದ ಕಾಲವೊಂದಿದ್ದರೆ, ಅದು ಆ ತಂದೆಯ ಕಾಲ.

ಈ ವಾರ ರಹೀಮರ ಬದುಕನ್ನು ಓದುಗರ ಮುಂದಿಡಲು ಒಂದು ಕಾರಣವಿದೆ. ಭಾನುವಾರದ ಸಂಜೆ ನಮ್ಮ ಯುವಕರು ಸೇರಿದಲ್ಲಿ ಫುಟ್‌ಬಾಲಿನ ವಾದ ಏಳದೆ ಇರುವುದಿಲ್ಲ. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಮೆಟ್ಟಿಲುಗಳ ಮೇಲಾಗಲಿ, ಕಮಲಾಪುರದ ಹೆದ್ದಾರಿಯ ಬದಿಯಲ್ಲಿ ಕೆಂಬಾಳೆಯ ಗೊನೆಗಳನ್ನು ತೂಗುಹಾಕಿದ ಅಂಗಡಿಗಳ ಮುಂದಾಗಲಿ, ವಾದದ ವಿಷಯ ಮಾತ್ರ ಒಂದೇ. ಇಂಥ ತರಬೇತುದಾರ ಇಂಥ ಆಟಗಾರನನ್ನು ಏಕೆ ಹೊರಗಿಟ್ಟ? ಗಾಯಗೊಂಡವನನ್ನು ಏಕೆ ಇಳಿಸಿದ? ವರ್ಷದ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಅವನಿಗೆ ಸಂದದ್ದು ಸರಿಯೇ, ಇವನಿಗೆ ತಪ್ಪಿದ್ದು ಅನ್ಯಾಯವಲ್ಲವೇ? ವಾದ ಬಿಸಿಯೇರುತ್ತದೆ, ಮುನಿಸಾಗುತ್ತದೆ, ಮುಂದಿನ ಭಾನುವಾರ ಮತ್ತೆ ಕೂಡುತ್ತದೆ. ಇದನ್ನು ಬರಿಯ ಕಾಲಹರಣವೆಂದು ಹಿರಿಯರು ತಳ್ಳಿಹಾಕಬೇಕಾಗಿಲ್ಲ. ಆ ವಾದದೊಳಗೆ ಎರಡು ಗಂಭೀರವಾದ ಪ್ರಶ್ನೆಗಳಿವೆ. ಒಂದು ನಿರ್ಧಾರ ಸರಿಯೆಂದು ನಾವು ಹೇಳುವುದು ಯಾವ ಆಧಾರದ ಮೇಲೆ? ಗೌರವವೆಂಬುದು ಪಡೆಯುವವನ ಸೊತ್ತೋ, ಕೊಡುವವನ ಸೊತ್ತೋ? ಈ ಎರಡು ಪ್ರಶ್ನೆಗಳಿಗೂ ರಹೀಮರ ಬದುಕು ಒಂದು ಉದಾಹರಣೆಯಾಗಿ ನಿಲ್ಲುತ್ತದೆ. ಪರದೇಶದ ತರಬೇತುದಾರರ ಹೆಸರುಗಳನ್ನೆಲ್ಲ ಬಾಯಿಪಾಠವಾಗಿ ಹೇಳುವ ನಮ್ಮ ಮಕ್ಕಳು, ನೆರೆಮನೆಯಂತಿರುವ ಹೈದರಾಬಾದಿನ ಈ ಹೆಸರನ್ನೂ ಒಮ್ಮೆ ಕೇಳಲಿ.

ರಹೀಮ್ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಅಂದು ಅದು ನಮಗೂ ರಾಜಧಾನಿಯೇ ಆಗಿತ್ತು. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದವು. ಇಲ್ಲಿಂದ ಕಮಲಾಪುರ, ಹುಮನಾಬಾದ್ ದಾಟಿ ಹೈದರಾಬಾದಿಗೆ ಹೋಗುವ ದಾರಿಯೇ ವಿದ್ಯೆಗೂ ಉದ್ಯೋಗಕ್ಕೂ ನ್ಯಾಯಕ್ಕೂ ದಾರಿಯಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಆ ಸಂಸ್ಥಾನ ಭಾರತದ ಒಕ್ಕೂಟದಲ್ಲಿ ಸೇರಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಆದುದರಿಂದ ರಹೀಮರ ಬದುಕಿನ ಬಹುಭಾಗ ಅವರೂ ನಮ್ಮ ಹಿರಿಯರೂ ಒಂದೇ ಸಂಸ್ಥಾನದ ಪ್ರಜೆಗಳಾಗಿದ್ದರು.

ವೃತ್ತಿಯಿಂದ ಅವರು ಶಾಲಾ ಶಿಕ್ಷಕರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದರು, ಅಲ್ಲಿನ ತಂಡಕ್ಕಾಗಿ ಆಡಿದರು. ಬಳಿಕ ಹೈದರಾಬಾದಿನ ಶಾಲೆಗಳಲ್ಲಿ ಪಾಠ ಹೇಳಿದರು, ದೈಹಿಕ ಶಿಕ್ಷಣದಲ್ಲಿಯೂ ತರಬೇತಿ ಪಡೆದರು. ಈ ಸಂಗತಿಯನ್ನು ಸಣ್ಣದೆಂದು ಎಣಿಸಬಾರದು. ಆಡಿ ಹೆಸರು ಮಾಡಿದವರು ತರಬೇತುದಾರರಾಗುವುದು ಸಾಮಾನ್ಯ ವಾಡಿಕೆ. ರಹೀಮರ ಹಿರಿಮೆಯಾದರೋ ಕಲಿಸುವ ಕಲೆಯಿಂದ ಬಂದದ್ದು. ತರಗತಿಯಲ್ಲಿ ಮಂದಬುದ್ಧಿಯವನನ್ನೂ ಚುರುಕುಬುದ್ಧಿಯವನನ್ನೂ ಒಂದೇ ಪಾಠದಲ್ಲಿ ಮುಂದೆ ಕರೆದೊಯ್ಯಬೇಕಾದ ಶಿಕ್ಷಕನಿಗೆ, ಯಾವ ಹುಡುಗನಲ್ಲಿ ಯಾವ ಶಕ್ತಿ ಅಡಗಿದೆಯೆಂದು ಗುರುತಿಸುವ ಕಣ್ಣು ಬೇಕು. ಆ ಕಣ್ಣನ್ನೇ ಅವರು ಮೈದಾನಕ್ಕೂ ತಂದರು.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಬದುಕಿನ ಕೊನೆಯವರೆಗೂ ಆ ಹೊಣೆಯನ್ನು ಹೊತ್ತರು. ಹೈದರಾಬಾದ್ ನಗರ ಪೊಲೀಸ್ ತಂಡದ ತರಬೇತಿಯೂ ಅವರ ಕೈಯಲ್ಲಿತ್ತು. ಅಂದಿನ ಆಟವೆಂದರೆ ಚೆಂಡು ಸಿಕ್ಕವನು ಅದನ್ನು ಕಾಲಿನಲ್ಲಿಯೇ ಇಟ್ಟುಕೊಂಡು, ನಾಲ್ವರನ್ನು ವಂಚಿಸಿ, ಪ್ರೇಕ್ಷಕರ ಚಪ್ಪಾಳೆ ಗಿಟ್ಟಿಸುವುದು. ರಹೀಮ್ ಇದನ್ನು ಮೆಚ್ಚಲಿಲ್ಲ. ಚೆಂಡನ್ನು ಒಂದೆರಡು ಸ್ಪರ್ಶದಲ್ಲಿಯೇ ಜೊತೆಗಾರನಿಗೆ ದಾಟಿಸಬೇಕು, ತಾನು ಖಾಲಿ ಜಾಗಕ್ಕೆ ಓಡಬೇಕು ಎಂಬುದು ಅವರ ಪಾಠ. ಇದನ್ನು ಉಪದೇಶದಿಂದ ಕಲಿಸುವ ಬದಲು ಅವರು ಪಂದ್ಯಾವಳಿಗಳನ್ನೇ ಹೊಸ ಬಗೆಯಲ್ಲಿ ಏರ್ಪಡಿಸಿದರು. ಒಂದು ಪಂದ್ಯಾವಳಿಯಲ್ಲಿ ಚೆಂಡನ್ನು ಕಾಲಿನಲ್ಲಿ ಆಡಿಸುತ್ತ ಓಡುವುದೇ ನಿಷಿದ್ಧ. ಇನ್ನೊಂದರಲ್ಲಿ ಪ್ರತಿಯೊಬ್ಬನೂ ತನ್ನ ಬಲವಿಲ್ಲದ ಕಾಲಿನಿಂದಲೇ ಒದೆಯಬೇಕು. ದುರ್ಬಲವಾದ ಕಾಲನ್ನು ಮರೆಮಾಡಿ ಬದುಕುವವನು ಎಂದೂ ಪೂರ್ಣ ಆಟಗಾರನಾಗಲಾರ ಎಂಬುದು ಇದರ ಹಿಂದಿನ ತತ್ತ್ವ. ಮೈದಾನದ ಹೊರಗೂ ಸಲ್ಲುವ ಮಾತಿದು.

ಫಲ ಬೇಗನೆ ಕಾಣಿಸಿತು. 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಹೈದರಾಬಾದ್ ಪೊಲೀಸರ ಪಾಲಾಯಿತು. 1950ರಲ್ಲಿ ದೆಹಲಿಯ ಡ್ಯುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಎರಡು ಗೋಲುಗಳ ಹಿನ್ನಡೆಯಿಂದ ಮೇಲೆದ್ದು ಸಮ ಮಾಡಿಕೊಂಡು, ಮರುಪಂದ್ಯದಲ್ಲಿ ಅವರು ಮೋಹನ್ ಬಾಗಾನ್ ತಂಡವನ್ನು ಸೋಲಿಸಿದರು. ಕಲ್ಕತ್ತೆಯೇ ಫುಟ್‌ಬಾಲಿನ ಕಾಶಿಯೆಂದು ನಂಬಿದ್ದ ದೇಶಕ್ಕೆ ದಕ್ಷಿಣದ ಪೊಲೀಸರ ತಂಡವೊಂದು ಹೊಸ ಪಾಠ ಹೇಳಿತು. ಮುಂದೆ 1956-57 ಮತ್ತು 1957-58ರಲ್ಲಿ ಹೈದರಾಬಾದ್ ತಂಡ ಸಂತೋಷ್ ಟ್ರೋಫಿಯನ್ನೂ ಗೆದ್ದಿತು. ನಮ್ಮ ಮೈಸೂರು ತಂಡವೂ ಆ ದಿನಗಳಲ್ಲಿ ಹಿಂದೆ ಇರಲಿಲ್ಲ. 1946-47ರಲ್ಲಿಯೂ 1952-53ರಲ್ಲಿಯೂ ಆ ಟ್ರೋಫಿ ಮೈಸೂರಿನದಾಗಿತ್ತು. ಬೆಂಗಳೂರಿನ ಅಹ್ಮದ್ ಖಾನ್ ಅವರ ಆಟವನ್ನು ಕಂಡವರು ಅದನ್ನು ಮರೆಯಲಿಲ್ಲ.

1951ರ ಮಾರ್ಚ್ ತಿಂಗಳಲ್ಲಿ ಪ್ರಥಮ ಏಷ್ಯನ್ ಕ್ರೀಡಾಕೂಟ ದೆಹಲಿಯಲ್ಲಿ ನಡೆಯಿತು. ರಹೀಮ್ ಭಾರತ ತಂಡದ ತರಬೇತುದಾರರು. ಅಂತಿಮ ಪಂದ್ಯದಲ್ಲಿ ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಇರಾನ್ ಸೋತಿತು, ಭಾರತಕ್ಕೆ ಚಿನ್ನ ದೊರೆಯಿತು. ಹೊಸ ಗಣರಾಜ್ಯ ಸಂಭ್ರಮಿಸಿತು.

ಸಂಭ್ರಮ ಬಹುಕಾಲ ಉಳಿಯಲಿಲ್ಲ. 1952ರ ಜುಲೈಯಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯದ ಎದುರು ಭಾರತ 1-10ರಿಂದ ಸೋತಿತು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಭಾರತದ ಆ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಹತ್ತು ಗೋಲುಗಳ ಅವಮಾನವನ್ನು ಮನುಷ್ಯ ಎರಡು ಬಗೆಯಲ್ಲಿ ಹೊರಬಹುದು. ಚಳಿ, ಮಳೆ, ದೂರದ ಪ್ರಯಾಣ ಎಂದು ನೆಪಗಳನ್ನು ಹುಡುಕುವುದು ಒಂದು ಬಗೆ. ತಾನು ಕಲಿಯಬೇಕಾದದ್ದು ಇನ್ನೂ ಇದೆಯೆಂದು ಒಪ್ಪುವುದು ಮತ್ತೊಂದು ಬಗೆ. ರಹೀಮ್ ಎರಡನೆಯದನ್ನು ಆರಿಸಿಕೊಂಡರು. ಆ ಸೋಲಿನ ಬಳಿಕ ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟ ಬೂಟು ತೊಡುವುದನ್ನು ಕಡ್ಡಾಯ ಮಾಡಿತು. ರಹೀಮ್ ತಂಡದ ವ್ಯೂಹವನ್ನೇ ಬದಲಿಸಲು ತೊಡಗಿದರು. ಅದೇ ವರ್ಷ ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದ ಹಂಗೇರಿಯವರು ಮುಂಚೂಣಿಯ ನಡುವಿನ ಆಟಗಾರನನ್ನು ತುಸು ಹಿಂದಕ್ಕೆ ಸರಿಸಿ ಎದುರಾಳಿಯ ರಕ್ಷಣೆಯನ್ನು ಗಲಿಬಿಲಿಗೊಳಿಸುತ್ತಿದ್ದರು. ಯುರೋಪಿನ ಇಂಥ ಹೊಸ ವಿಚಾರಗಳನ್ನು ರಹೀಮ್ ವಿದ್ಯಾರ್ಥಿಯ ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ನಲವತ್ಮೂರು ವರ್ಷದ ಶಿಕ್ಷಕ ಮತ್ತೆ ವಿದ್ಯಾರ್ಥಿಯಾದನು.

ನಾಲ್ಕು ವರ್ಷಗಳ ಅನಂತರ ಮೆಲ್ಬರ್ನ್ ಒಲಿಂಪಿಕ್ಸ್ ಬಂದಿತು. ಮೊದಲ ಸುತ್ತಿನಲ್ಲಿ ಎದುರಾಗಬೇಕಿದ್ದ ಹಂಗೇರಿ ಹಿಂದೆ ಸರಿದುದರಿಂದ ಭಾರತ ನೇರವಾಗಿ ಎಂಟರ ಘಟ್ಟಕ್ಕೆ ತಲುಪಿತು. 1956ರ ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯದೊಡನೆ ಪಂದ್ಯ. ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿ ಅಂದಿಗೆ ಸರಿಯಾಗಿ ಒಂದು ತಿಂಗಳು. ಭಾರತ 4-2ರಿಂದ ಗೆದ್ದಿತು. ಮೂರು ಗೋಲುಗಳನ್ನು ಹೊಡೆದವರು ಗೋವೆಯ ಕ್ರೈಸ್ತ ಮನೆತನದ ನೆವಿಲ್ ಡಿಸೋಜ. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ ಪ್ರಥಮ ಏಷ್ಯನ್ ಎಂಬ ಕೀರ್ತಿ ಅವರದಾಯಿತು. ಯುಗೊಸ್ಲಾವಿಯದ ಎದುರಿನ ಸೆಮಿಫೈನಲ್‌ನಲ್ಲಿ ಮೊದಲ ಗೋಲು ಕೂಡ ಡಿಸೋಜರದೇ. ಆದರೆ ಮುಂದೆ ನಾಲ್ಕು ಗೋಲು ಬಿಟ್ಟುಕೊಟ್ಟು ಭಾರತ ಸೋತಿತು. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯ 3-0ರಿಂದ ಗೆದ್ದಿತು. ನಾಲ್ಕನೆಯ ಸ್ಥಾನದೊಡನೆ ತಂಡ ಮರಳಿತು. ಹತ್ತು ಗೋಲು ಕೊಟ್ಟವರ ಎದುರು ನಾಲ್ಕೇ ವರ್ಷದಲ್ಲಿ ಮುನ್ನಡೆ ಪಡೆಯುವಷ್ಟು ಬೆಳೆದುದೇ ಆ ತಂಡದ ನಿಜವಾದ ಪದಕ.

ಆ ತಂಡದಲ್ಲಿ ಹೈದರಾಬಾದಿನ ಹಲವರಿದ್ದರು, ಮೈಸೂರಿನ ಕೆಂಪಯ್ಯನವರಿದ್ದರು, ಬಂಗಾಳದವರಿದ್ದರು, ಗೋವೆಯವರಿದ್ದರು. ಸಿಕಂದರಾಬಾದಿನ ಅಂಚಿನ ಅಮ್ಮುಗೂಡ ಹಳ್ಳಿಯ ಬಡ ಕುಟುಂಬದಿಂದ ಬಂದ ತುಳಸೀದಾಸ್ ಬಲರಾಮ್ ಕೂಡ ಇದ್ದರು. ಬಲರಾಮರನ್ನು ಗುರುತಿಸಿ ಬೆಳಕಿಗೆ ತಂದವರು ರಹೀಮರೇ. ಊರು, ಮತ, ಭಾಷೆಗಳ ಲೆಕ್ಕ ಅವರ ಮೈದಾನದಲ್ಲಿ ನಡೆಯುತ್ತಿರಲಿಲ್ಲ.

ಮಗನೆಂಬ ಲೆಕ್ಕವೂ ನಡೆಯುತ್ತಿರಲಿಲ್ಲ. 1960ರಲ್ಲಿ ರೋಮ್‌ಗೆ ಹೋದ ತಂಡದಲ್ಲಿ ಇಪ್ಪತ್ತೊಂದು ವರ್ಷದ ಹಕೀಮ್ ಇದ್ದರು. ತಂದೆಯೇ ತರಬೇತುದಾರರು. ಭಾರತ ಮೂರು ಪಂದ್ಯಗಳನ್ನಾಡಿತು. ಬಲಿಷ್ಠ ಹಂಗೇರಿಗೆ 1-2ರಿಂದ ಸೋತಿತು, ಫ್ರಾನ್ಸ್‌ನೊಡನೆ 1-1ರಿಂದ ಸಮ ಮಾಡಿಕೊಂಡಿತು, ಪೆರುವಿಗೆ 1-3ರಿಂದ ಮಣಿಯಿತು. ಈ ಮೂರರಲ್ಲಿ ಒಂದರಲ್ಲಿಯೂ ಹಕೀಮ್ ಮೈದಾನಕ್ಕೆ ಇಳಿಯಲಿಲ್ಲ. ಕೊನೆಯ ಪಂದ್ಯದಲ್ಲಾದರೂ ಮಗನಿಗೆ ಅವಕಾಶ ಕೊಟ್ಟಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲವೇನೋ. ಆದರೆ ಆ ಸ್ಥಾನ ತಂದೆ ಮಗನಿಗೆ ಕೊಡುವ ಆಸ್ತಿಯಲ್ಲ, ದೇಶ ಆಟಗಾರನಿಗೆ ಕೊಡುವ ಕೆಲಸ. ನಮ್ಮ ಸಂಘಗಳಲ್ಲಿ, ಸಂಸ್ಥೆಗಳಲ್ಲಿ, ಊರಿನ ಸಮಿತಿಗಳಲ್ಲಿ ನಮ್ಮವರೆಂಬ ಮಮತೆ ಎಷ್ಟು ಸುಲಭವಾಗಿ ನ್ಯಾಯದ ಉಡುಪು ತೊಟ್ಟು ಬರುತ್ತದೆಂಬುದನ್ನು ಬಲ್ಲವರು, ಈ ಒಂದು ಸಂಗತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅಂದಿನಿಂದ ಇಂದಿನವರೆಗೆ ಭಾರತದ ಫುಟ್‌ಬಾಲ್ ತಂಡ ಮತ್ತೆ ಒಲಿಂಪಿಕ್ಸ್ ಪ್ರವೇಶಿಸಿಲ್ಲ.

ಇನ್ನು ಜಕಾರ್ತ. 1962ರ ಏಷ್ಯನ್ ಕ್ರೀಡಾಕೂಟ ರಹೀಮರ ಕೊನೆಯ ಹೋರಾಟ. ಚುನಿ ಗೋಸ್ವಾಮಿ ತಂಡದ ನಾಯಕರು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಾ 2-0ರಿಂದ ಸೋಲಿಸಿತು. ಥಾಯ್ಲೆಂಡಿನ ಎದುರು 4-1ರ ಗೆಲುವು ದೊರೆತರೂ, ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಗೋಲ್ ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಮಲಗಿದರು. ಇದರ ಮೇಲೆ ಹೊರಗಿನ ಬೇಗೆ ಬೇರೆ. ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಆತಿಥೇಯರು ಕೂಟದಿಂದ ಹೊರಗಿಟ್ಟುದನ್ನು ಭಾರತದ ಕ್ರೀಡಾಧಿಕಾರಿ ಗುರುದತ್ತ ಸೋಂಧಿ ಆಕ್ಷೇಪಿಸಿದ್ದರು. ಆ ಕಾರಣದಿಂದ ಜಕಾರ್ತದ ಜನ ಭಾರತದ ಮೇಲೆ ಕೆರಳಿದ್ದರು. ನಮ್ಮ ಆಟಗಾರರು ಮೈದಾನಕ್ಕೆ ಇಳಿದರೆ ಕೂಗಾಟವೇ ಸ್ವಾಗತ. ಆ ಕೂಗಾಟದ ನಡುವೆಯೇ ಜಪಾನಿನ ಎದುರು 2-0ರ ಗೆಲುವು ಬಂದಿತು.

ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಎದುರಾಳಿ. ಇಲ್ಲಿ ರಹೀಮ್ ಒಂದು ವಿಚಿತ್ರವಾದ ನಿರ್ಧಾರ ತೆಗೆದುಕೊಂಡರು. ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಜರ್ನೈಲರನ್ನು ಹಿಂದಿನ ಸಾಲಿನಿಂದ ತೆಗೆದು ಮುಂಚೂಣಿಯ ನಡುವೆ ನಿಲ್ಲಿಸಿದರು. ಎಳವೆಯಲ್ಲಿ ಅವರು ಆ ಸ್ಥಾನದಲ್ಲಿ ಆಡಿದ್ದುಂಟು. ಜರ್ನೈಲ್ ಗೋಲು ಹೊಡೆದರು, ಭಾರತ 3-2ರಿಂದ ಗೆದ್ದಿತು. ಸೆಪ್ಟೆಂಬರ್ 4ರಂದು ನಡೆದ ಅಂತಿಮ ಪಂದ್ಯದಲ್ಲಿ ಮತ್ತೆ ಅದೇ ದಕ್ಷಿಣ ಕೊರಿಯಾ ಎದುರು ನಿಂತಿತು. ಅಲ್ಲಿ ಇನ್ನೊಂದು ನಿರ್ಧಾರ. ಹಿಂದಿನ ಪಂದ್ಯಗಳಲ್ಲಿ ಗೋಲು ಕಾದಿದ್ದ ಪ್ರದ್ಯುತ್ ಬರ್ಮನ್ ಅವರನ್ನು ಕೂರಿಸಿ, ಜ್ವರದಿಂದ ಎದ್ದ ಎತ್ತರದ ತಂಗರಾಜರನ್ನು ಇಳಿಸಿದರು. ಆಟ ಆರಂಭವಾಗಿ ಸುಮಾರು ಇಪ್ಪತ್ತು ನಿಮಿಷಗಳಾಗುವಷ್ಟರಲ್ಲಿ ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಒಂದು ಗೋಲು ಹೊಡೆದರು. ಕೊರಿಯಾ ಕೊನೆಯ ಗಳಿಗೆಗಳಲ್ಲಿ ಒಂದನ್ನು ತೀರಿಸಿತು. 2-1ರಿಂದ ಭಾರತಕ್ಕೆ ಚಿನ್ನ. ಆ ದಿನದ ಬಳಿಕ ಏಷ್ಯನ್ ಕೂಟದ ಫುಟ್‌ಬಾಲ್ ಚಿನ್ನ ನಮಗೆ ದಕ್ಕಿಲ್ಲ.

ಈಗ ನಮ್ಮ ಯುವಕರ ಮೊದಲನೆಯ ಪ್ರಶ್ನೆಗೆ ಬರೋಣ. ರಹೀಮರ ನಿರ್ಧಾರ ಸರಿಯೇ? ಗೆದ್ದರಲ್ಲ, ಸರಿಯೇ ಇರಬೇಕು ಎಂದು ಹೇಳಿಬಿಡುವುದು ಸುಲಭ. ಆದರೆ ಜರ್ನೈಲರ ಗೋಲು ಒಂದು ಗೇಣು ಆಚೆ ಹೋಗಿದ್ದರೆ? ತಂಗರಾಜರ ಕೈ ಜ್ವರದ ನಿಶ್ಶಕ್ತಿಯಿಂದ ಒಮ್ಮೆ ಸೋತಿದ್ದರೆ? ಅದೇ ನಿರ್ಧಾರವನ್ನು ಅದೇ ಜನ ಹುಚ್ಚುತನವೆಂದು ಕರೆಯುತ್ತಿದ್ದರು. ಫಲದಿಂದ ಮಾತ್ರ ನಿರ್ಧಾರವನ್ನು ಅಳೆಯುವವನು ವಾಸ್ತವದಲ್ಲಿ ಅದೃಷ್ಟವನ್ನು ಅಳೆಯುತ್ತಿರುತ್ತಾನೆ. ನಿರ್ಧಾರ ತೆಗೆದುಕೊಳ್ಳುವ ಗಳಿಗೆಯಲ್ಲಿ ಫಲ ಯಾರ ಕೈಯಲ್ಲಿಯೂ ಇರುವುದಿಲ್ಲ. ಅದರಲ್ಲಿಯೂ ಅಂದಿನ ಫುಟ್‌ಬಾಲಿನಲ್ಲಿ ಇಂದಿನಂತೆ ಆಟದ ನಡುವೆ ಆಟಗಾರರನ್ನು ಬದಲಿಸಿ ತಪ್ಪನ್ನು ತಿದ್ದಿಕೊಳ್ಳುವ ಅನುಕೂಲವಿರಲಿಲ್ಲ. ವಿಶ್ವಕಪ್ಪಿನಲ್ಲಿ ಅಂಥ ಬದಲಾವಣೆಗೆ ಅವಕಾಶ ಬಂದದ್ದೇ 1970ರಲ್ಲಿ. ಸೀಟಿ ಊದುವ ಮೊದಲೇ ತರಬೇತುದಾರ ತನ್ನ ವಿವೇಕವನ್ನೆಲ್ಲ ಪಣಕ್ಕಿಡಬೇಕಾಗಿತ್ತು.

ವಿವೇಕವೆಂದರೇನು? ತತ್ತ್ವಶಾಸ್ತ್ರದ ಹಳೆಯ ಪಾಠದಲ್ಲಿ ಸಂತ ಥಾಮಸ್ ಅಕ್ವಿನಾಸರು ವಿವೇಕದ ಅಂಗಗಳನ್ನು ಒಂದೊಂದಾಗಿ ಎಣಿಸಿದ್ದಾರೆ. ಹಿಂದಿನದರ ಸ್ಮರಣೆ, ಇನ್ನೊಬ್ಬರಿಂದ ಕಲಿಯುವ ವಿನಯ, ಮುಂದಾಲೋಚನೆ, ಸುತ್ತಲ ಸಂದರ್ಭದ ಅರಿವು, ಎಚ್ಚರಿಕೆ ಮೊದಲಾದವು ಅವರ ಎಣಿಕೆಯಲ್ಲಿವೆ. ಈ ಒರೆಗಲ್ಲಿಗೆ ಜಕಾರ್ತದ ನಿರ್ಧಾರವನ್ನು ತಿಕ್ಕಿ ನೋಡಬಹುದು. ಜರ್ನೈಲ್ ಒಮ್ಮೆ ಮುಂಚೂಣಿಯಲ್ಲಿ ಆಡಿದ್ದುದು ಸ್ಮರಣೆಗೆ ಸೇರಿದ್ದು. ಹೆಲ್ಸಿಂಕಿಯ ಸೋಲಿನಿಂದ ಪಾಠ ಹೇಳಿಸಿಕೊಂಡದ್ದು ವಿನಯಕ್ಕೆ ಸೇರಿದ್ದು. ಎತ್ತರದ ಗೋಲ್ ಕೀಪರ್ ಎದುರು ನಿಂತರೆ ಮೇಲಿನಿಂದ ಬರುವ ಚೆಂಡಿಗೆ ತಡೆಯಾಗುವುದೆಂಬುದು ಮುಂದಾಲೋಚನೆ. ಒಮ್ಮೆ ಸೋಲಿಸಿದ ಕೊರಿಯನ್ನರು ಹಳೆಯ ವ್ಯೂಹವನ್ನೇ ನಿರೀಕ್ಷಿಸಿ ಬರುತ್ತಾರೆಂಬುದು ಸಂದರ್ಭದ ಅರಿವು. ಹೀಗೆ ನೋಡಿದಾಗ, ಪಂದ್ಯ ಸೋತಿದ್ದರೂ ಈ ನಿರ್ಧಾರ ವಿವೇಕದ್ದೇ ಆಗಿರುತ್ತಿತ್ತು.

ಆದರೆ ಎಚ್ಚರಿಕೆಯೆಂಬ ಅಂಗದ ಬಳಿ ನಾವು ತಡೆದು ನಿಲ್ಲಬೇಕು. ತಲೆಗೆ ಹೊಲಿಗೆ ಬಿದ್ದ ಮನುಷ್ಯನನ್ನು, ತಲೆಯಿಂದಲೇ ಚೆಂಡನ್ನು ಹೊಡೆಯಬೇಕಾದ ಆಟಕ್ಕೆ ಇಳಿಸಬಹುದೇ? ತಲೆಯ ಪೆಟ್ಟಿನ ಅಪಾಯವನ್ನು ಇಂದಿನ ವೈದ್ಯರು ಅಂದಿಗಿಂತ ಬಹಳ ಚೆನ್ನಾಗಿ ಬಲ್ಲರು. ಇಂದು ಅದೇ ನಿರ್ಧಾರ ತೆಗೆದುಕೊಳ್ಳುವ ತರಬೇತುದಾರನನ್ನು ನಾವು ಒಪ್ಪಲಾಗದು. ರಹೀಮರನ್ನು ಮೆಚ್ಚುವವರು ಈ ಪ್ರಶ್ನೆಯನ್ನು ಮುಚ್ಚಿಡಬೇಕಾಗಿಲ್ಲ. ಯಾವ ಪದಕವೂ ಮನುಷ್ಯನ ಪ್ರಾಣಕ್ಕಿಂತ ಮಿಗಿಲಲ್ಲ. ಜರ್ನೈಲ್ ತಮ್ಮ ಇಚ್ಛೆಯಿಂದಲೇ ಆಡಿದರೆಂದು ನಾವು ಭಾವಿಸಿದರೂ, ಗುರುವಿನ ಮೇಲಿನ ಭಕ್ತಿಯಿಂದ ಶಿಷ್ಯ ಒಪ್ಪುವುದಕ್ಕೂ ನಿಜವಾದ ಸ್ವಾತಂತ್ರ್ಯಕ್ಕೂ ನಡುವಿನ ಗೆರೆ ತೆಳುವಾದದ್ದು. ಮಕ್ಕಳನ್ನು ಪರೀಕ್ಷೆಗೂ ಪಂದ್ಯಕ್ಕೂ ತಳ್ಳುವ ತಂದೆತಾಯಿಗಳು ಈ ಗೆರೆಯನ್ನು ಮರೆಯಬಾರದು. ಮಹಾಪುರುಷರ ಬದುಕಿನಿಂದ ಅವರ ಗೆಲುವನ್ನು ಮಾತ್ರವಲ್ಲದೆ, ಅವರು ನಮಗೆ ಬಿಟ್ಟುಹೋದ ಪ್ರಶ್ನೆಗಳನ್ನೂ ಎತ್ತಿಕೊಳ್ಳಬೇಕು.

ಇತರರ ದೇಹವನ್ನು ಪಣಕ್ಕಿಟ್ಟವರು ತಮ್ಮ ದೇಹವನ್ನು ಕಾಪಾಡಿಕೊಂಡಿದ್ದರೆ ನಮ್ಮ ಮಾತು ಬೇರೆಯಾಗುತ್ತಿತ್ತು. ರಹೀಮರನ್ನು ಆಗಲೇ ಕ್ಯಾನ್ಸರ್ ರೋಗ ಹಿಡಿದಿತ್ತು. ಜಕಾರ್ತದಿಂದ ಮರಳಿದ ಮೇಲೆ ಅವರು ಚೇತರಿಸಿಕೊಳ್ಳಲಿಲ್ಲ. ಆ ಗೆಲುವಿನಿಂದ ಒಂಬತ್ತು ತಿಂಗಳು ತುಂಬಿ ಕೆಲವೇ ದಿನಗಳಾಗಿದ್ದಾಗ, 1963ರ ಜೂನ್ 11ರಂದು ಅವರು ತೀರಿಕೊಂಡರು. ಆಗ ಅವರಿಗೆ ಐವತ್ಮೂರು ವರ್ಷ. ಅವರೊಡನೆ ಭಾರತದ ಫುಟ್‌ಬಾಲಿನ ಒಂದು ಕಾಲವೂ ಮಣ್ಣಾಯಿತೆಂದು ಹೇಳುವವರಿದ್ದಾರೆ. 1964ರ ಏಷ್ಯಾ ಕಪ್ಪಿನಲ್ಲಿ ಎರಡನೆಯ ಸ್ಥಾನವನ್ನೂ 1970ರ ಬ್ಯಾಂಕಾಕ್ ಕೂಟದಲ್ಲಿ ಕಂಚನ್ನೂ ನಾವು ಪಡೆದೆವು. ಅಲ್ಲಿಂದ ಮುಂದೆ ಇಳಿಜಾರು.

ಎರಡನೆಯ ಪ್ರಶ್ನೆ ಗೌರವದ್ದು. ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಆ ವರ್ಷ ಫುಟ್‌ಬಾಲಿಗಾಗಿ ಅದನ್ನು ಪಡೆದವರು ಪಿ. ಕೆ. ಬ್ಯಾನರ್ಜಿ. ಮುಂದೆ ಬಲರಾಮ್, ಚುನಿ ಗೋಸ್ವಾಮಿ, ಜರ್ನೈಲ್ ಸಿಂಗ್, ತಂಗರಾಜ್ ಹೀಗೆ ರಹೀಮರ ಶಿಷ್ಯರು ಒಬ್ಬೊಬ್ಬರಾಗಿ ಅದನ್ನು ಪಡೆದರು. ಗೋಸ್ವಾಮಿ ಅವರಿಗೆ 1983ರಲ್ಲಿ, ಬ್ಯಾನರ್ಜಿ ಅವರಿಗೆ 1990ರಲ್ಲಿ ಪದ್ಮಶ್ರೀ ಸಂದಿತು. ಅದೇ ಮಟ್ಟದ ಆಟಗಾರರೆಂದು ಎಲ್ಲರೂ ಒಪ್ಪುತ್ತಿದ್ದ ಬಲರಾಮರಿಗೆ ಆ ಗೌರವ ಬರಲಿಲ್ಲ. 2023ರ ಫೆಬ್ರವರಿಯಲ್ಲಿ ಅವರು ಅದಿಲ್ಲದೆಯೇ ತೀರಿಕೊಂಡರು. ತರಬೇತುದಾರರಿಗೆಂದೇ ದ್ರೋಣಾಚಾರ್ಯ ಪ್ರಶಸ್ತಿ ಸ್ಥಾಪನೆಯಾದದ್ದು 1985ರಲ್ಲಿ. ಅಷ್ಟರಲ್ಲಿ ರಹೀಮರು ಸತ್ತು ಇಪ್ಪತ್ತೆರಡು ವರ್ಷಗಳಾಗಿದ್ದವು. 1990ರಲ್ಲಿ ಅದು ಹೈದರಾಬಾದಿನವರೇ ಆದ ಸೈಯದ್ ನಯೀಮುದ್ದೀನರಿಗೆ ದೊರೆಯಿತು. ಪದ್ಮ ಪ್ರಶಸ್ತಿಗಳ ಪಟ್ಟಿಯಲ್ಲಿ ರಹೀಮರ ಹೆಸರಿಲ್ಲ. 2024ರಲ್ಲಿ ಅವರ ಬದುಕನ್ನು ಆಧರಿಸಿದ ‘ಮೈದಾನ್’ ಎಂಬ ಹಿಂದಿ ಚಲನಚಿತ್ರ ಬಿಡುಗಡೆಯಾದ ಮೇಲೆ ಹೊಸ ತಲೆಮಾರಿನವರು ಈ ಹೆಸರನ್ನು ಕೇಳಿದರು.

ಇದು ಅನ್ಯಾಯವೇ? ಹೌದು, ಅನ್ಯಾಯವೇ. ಆದರೆ ಅನ್ಯಾಯ ಯಾರಿಗಾಯಿತು ಎಂಬುದನ್ನು ಯೋಚಿಸಬೇಕು. ಗೌರವವೆಂಬುದು ಪಡೆಯುವವನಿಗಿಂತ ಹೆಚ್ಚಾಗಿ ಕೊಡುವವನನ್ನು ಅವಲಂಬಿಸಿದೆಯೆಂದು ಅರಿಸ್ಟಾಟಲ್ ಬಹು ಹಿಂದೆಯೇ ಕಂಡುಕೊಂಡಿದ್ದನು. ಆದ್ದರಿಂದಲೇ ಮನುಷ್ಯನ ಪರಮ ಒಳಿತು ಗೌರವದಲ್ಲಿರಲಾರದು ಎಂಬುದು ಅವನ ತೀರ್ಮಾನ. ಥಾಮಸ್ ಅಕ್ವಿನಾಸರು ಅದೇ ಹಾದಿಯಲ್ಲಿ ಮುಂದುವರಿದು, ಗೌರವವು ಒಬ್ಬನಲ್ಲಿ ಈಗಾಗಲೇ ಇರುವ ಹಿರಿಮೆಯ ಗುರುತು ಮಾತ್ರವೆಂದು ವಿವರಿಸಿದರು. ಗುರುತು ಇಟ್ಟ ಮಾತ್ರಕ್ಕೆ ಹಿರಿಮೆ ಹುಟ್ಟುವುದಿಲ್ಲ, ಇಡದ ಮಾತ್ರಕ್ಕೆ ಅದು ಅಳಿಯುವುದೂ ಇಲ್ಲ. ಹಾಗಿದ್ದರೆ ರಹೀಮರಿಗೆ ಪ್ರಶಸ್ತಿ ಬಾರದೆ ಹೋದುದರಿಂದ ಅವರಲ್ಲಿ ಏನೂ ಕಡಮೆಯಾಗಲಿಲ್ಲ. ಕಡಮೆಯಾದದ್ದು ನಮ್ಮಲ್ಲಿ. ಹಿರಿದನ್ನು ಕಂಡು ಹಿರಿದೆಂದು ಹೇಳಲಾರದ ಸಮಾಜ ತನ್ನ ಮಕ್ಕಳಿಗೆ ಹಿರಿದನ್ನು ತೋರಿಸಲಾರದು. ಕೃತಜ್ಞತೆಯು ಸತ್ತವರಿಗೆ ನಾವು ಮಾಡುವ ಉಪಕಾರವಲ್ಲ, ಬದುಕಿರುವ ನಾವು ತೀರಿಸಬೇಕಾದ ಸಾಲ.

ಈ ಮಾತನ್ನು ಕಲಬುರಗಿಗೂ ಕಮಲಾಪುರಕ್ಕೂ ತಂದು ನೋಡೋಣ. ನಮ್ಮ ಶಾಲೆಗಳಲ್ಲಿ ಬಿಸಿಲು ಇಳಿಯುವ ಮೊದಲೇ ಸೀಟಿ ಹಿಡಿದು ಬಯಲಿಗೆ ಬಂದು, ಮಕ್ಕಳೊಡನೆ ಧೂಳು ಕುಡಿಯುವ ದೈಹಿಕ ಶಿಕ್ಷಕರಿದ್ದಾರೆ. ಅವರ ಶಿಷ್ಯನೊಬ್ಬ ಜಿಲ್ಲಾ ತಂಡಕ್ಕೆ ಆಯ್ಕೆಯಾದಾಗ ಶಾಲು ಹೊದಿಸುವುದು ಶಿಷ್ಯನಿಗೆ, ಭಾಷಣ ಮಾಡುವುದು ಅತಿಥಿ. ಶಿಕ್ಷಕರು ಹಿಂದಿನ ಸಾಲಿನಲ್ಲಿ ಕುರ್ಚಿಗಳನ್ನು ಜೋಡಿಸುತ್ತಿರುತ್ತಾರೆ. ತಮ್ಮ ಮಗಳಿಗೆ ಓದು ಕಲಿಸಿದ ಗುರುವಿನ ಹೆಸರನ್ನು ಹತ್ತು ವರ್ಷಗಳ ಮೇಲೆ ನೆನಪಿಟ್ಟುಕೊಂಡ ಮನೆಗಳೆಷ್ಟು? ದೇಶ ರಹೀಮರಿಗೆ ಮಾಡಿದ್ದನ್ನು ದೂರುವ ಮೊದಲು, ನಾವು ನಮ್ಮ ಊರಿನ ರಹೀಮರಿಗೆ ಮಾಡುತ್ತಿರುವುದನ್ನು ಎಣಿಸಿಕೊಳ್ಳುವುದು ಒಳ್ಳೆಯದು.

ಕೊನೆಗೊಮ್ಮೆ ಮತ್ತೆ ಹಕೀಮರ ಕಡೆಗೆ ತಿರುಗೋಣ. ರೋಮ್‌ನಲ್ಲಿ ಒಂದು ನಿಮಿಷವೂ ಆಡಲು ಅವಕಾಶ ಸಿಗದ ಆ ಮಗ ತಂದೆಯ ಮೇಲೆ ಮುನಿದು ಆಟವನ್ನು ಬಿಟ್ಟು ಹೋಗಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಆಡಿದರು, ರೆಫರಿಯಾದರು, 1988ರ ಏಷ್ಯಾ ಕಪ್ಪಿನಲ್ಲಿ ಸೀಟಿ ಊದಿದರು. 1982ರ ದೆಹಲಿ ಏಷ್ಯನ್ ಕೂಟದಲ್ಲಿ ಪಿ. ಕೆ. ಬ್ಯಾನರ್ಜಿ ಅವರಿಗೆ ಸಹಾಯಕ ತರಬೇತುದಾರರಾದರು. ಅವರ ತರಬೇತಿಯಲ್ಲಿ ಮಹೀಂದ್ರ ತಂಡ 1998ರಲ್ಲಿ ಡ್ಯುರಾಂಡ್ ಕಪ್ ಗೆದ್ದಿತು. ಇಪ್ಪತ್ತೊಂದರ ಹರೆಯದಲ್ಲಿ ತಂದೆಯಿಂದ ಪಡೆಯದ ಸ್ಥಾನಕ್ಕಿಂತ, ತಂದೆಯಿಂದ ಪಡೆದ ನ್ಯಾಯಬುದ್ಧಿ ಅವರಿಗೆ ಹೆಚ್ಚು ಕಾಲ ಬಾಳಿತು. ರೆಫರಿಯೆಂದರೆ ಇನ್ನೇನು? ತನ್ನವರೆಂಬುದಿಲ್ಲದೆ ನಿರ್ಧರಿಸುವವನು. ತಂದೆಯ ಪಾಠವನ್ನು ಮಗ ಹೀಗೆ ಸೀಟಿಯ ಮೂಲಕ ಒಪ್ಪಿಸಿದನು.

ಮುಂದಿನ ಭಾನುವಾರ ನಮ್ಮ ಯುವಕರು ಮತ್ತೆ ಸೇರುತ್ತಾರೆ, ಮತ್ತೆ ವಾದಿಸುತ್ತಾರೆ. ವಾದಿಸಲಿ. ಆದರೆ ತರಬೇತುದಾರನೊಬ್ಬನನ್ನು ಮೂರ್ಖನೆಂದು ಕರೆಯುವ ಮೊದಲು, ಆ ಗಳಿಗೆಯಲ್ಲಿ ಅವನಿಗೆ ಏನು ತಿಳಿದಿತ್ತು, ಏನು ತಿಳಿದಿರಲಿಲ್ಲ ಎಂದು ಒಮ್ಮೆ ಕೇಳಿಕೊಳ್ಳಲಿ. ಪ್ರಶಸ್ತಿ ಯಾರಿಗೆ ತಪ್ಪಿತೆಂದು ಕೋಪಿಸಿಕೊಳ್ಳುವ ಮೊದಲು, ತಾವು ಯಾರಿಗೆ ಒಂದು ಕೃತಜ್ಞತೆಯ ಮಾತನ್ನು ತಪ್ಪಿಸಿದ್ದೇವೆಂದು ನೆನಪಿಸಿಕೊಳ್ಳಲಿ. ಆ ಮಾತನ್ನು ಆಡಲು ದೆಹಲಿಯ ಪಟ್ಟಿಗಾಗಿ ಕಾಯಬೇಕಾಗಿಲ್ಲ. ತಮಗೆ ಆಟ ಕಲಿಸಿದ ಶಿಕ್ಷಕರ ಮನೆ ಎಲ್ಲಿದೆಯೆಂದು ಅವರಿಗೆ ಗೊತ್ತೇ ಇದೆ.